ಹೆಸರಿಲ್ಲದ ಅಭಿಮಾನಿಗೆ ಒಂದು ಸಹಿ

ಅಕ್ಕ, ನಿಮ್ಮ ಸೀರೆಗಳು ಡ್ರೈಕ್ಲೀನಿಂಗ್‌ಗೆ ಹೋಗಿಲ್ಲ. ಹರಾಜಾಗಿವೆ. ಹರಾಜಿಗೆ ಒಪ್ಪಿಗೆ ಕೊಟ್ಟ ಕಾಗದದ ಮೇಲಿರುವ ಸಹಿ ನಿಮ್ಮದೇ — ಒಪ್ಪಿಗೆ ಮಾತ್ರ ನಿಮ್ಮದಲ್ಲ. ಯಾರೋ ಅಭಿಮಾನಿಗೆ ನಿಮ್ಮ ಆಟೋಗ್ರಾಫ್ ಬೇಕಂತೆ ಎಂದು ಸುಳ್ಳು ಹೇಳಿ ಆ ಸಹಿ ಹಾಕಿಸಿದವಳು ನಾನು. ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಸಹಿಯೂ ಇದೆ. ಮೂವತ್ತೆಂಟು ವರ್ಷ ಆಸ್ಪತ್ರೆಯ ಚಾರ್ಟುಗಳ ಮೇಲೆ ಹಾಕಿದಂಥದೇ ಸಹಿ, ದುಂಡಗೆ, ಸ್ಪಷ್ಟವಾಗಿ.

ಮೂರು ಚಳಿಗಾಲ ಕಳೆದವು.

ಇದನ್ನು ನಿಮಗೇ ಬರೆಯುತ್ತಿದ್ದೇನೆ. ನೀವು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀವು ಗೋಡೆಯ ಆಚೆ ಇದ್ದೀರಿ. ಮನೆಗೆಲಸದ ಬಿಮಲಾ ನಿಮ್ಮ ಕಾಲಿಗೆ ಎಣ್ಣೆ ಹಚ್ಚುತ್ತಾ ತನ್ನ ಊರಿನ ಯಾವುದೋ ಹಾಡು ಗುನುಗುತ್ತಿದ್ದಾಳೆ, ಕೇಳುತ್ತಿದೆ. ಈಚೆಗೆ ನೀವು ಯಾರು ಎಂಬುದನ್ನೇ ಎಷ್ಟೋ ಸಲ ನನ್ನನ್ನು ಕೇಳುತ್ತೀರಿ. ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು.

ನಿಮ್ಮ ಹೆಸರು ಸುಶೀಲಾ. ಊರು ಕುಮಟೆ. ಪೋಸ್ಟರುಗಳ ಮೇಲೆ ತರಂಗಿಣಿ. ಮುಂಬಯಿಗೆ ಹೋಗಿ ಹಿಂದಿ ಚಿತ್ರಗಳಲ್ಲಿ ನಟಿಸಿದಿರಿ. ನಟನೆಗಿಂತ ಹೆಚ್ಚಾಗಿ ಜನ ನೆನಪಿಟ್ಟುಕೊಂಡದ್ದು ನೀವು ಉಟ್ಟು ನಿಂತ ಬಗೆಯನ್ನು. ಮಣಿಕಟ್ಟಿನವರೆಗೆ ಬರುವ ಉದ್ದ ತೋಳಿನ ರವಿಕೆ, ಅಗಲದ ಕಪ್ಪು ಕನ್ನಡಕ, ಬೆನ್ನಿನಿಂದ ಸುತ್ತಿ ಬಂದು ಎಡ ಸೊಂಟದಲ್ಲಿ ಸಿಕ್ಕಿಸಿದ ಸೆರಗು. ಒಂದು ಚಿತ್ರದಲ್ಲಿ ದೊಡ್ಡ ಬಂಗಲೆಯ ಮೆಟ್ಟಿಲು ಇಳಿದು ಬರುವ ದೃಶ್ಯವಿತ್ತು. ಆ ದಿನ ಹೊಲಿಸಿದ ಬಟ್ಟೆ ಸಮಯಕ್ಕೆ ಬರಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ನಿಮ್ಮ ಅಮ್ಮ — ನೀವು ಕರೆಯುವ ಹಾಗೆ, ಆಯಿ — ಕೊಟ್ಟ ಗಿಳಿಹಸಿರು ಇಳಕಲ್ ಸೀರೆ ಇತ್ತು, ಕೆಂಪು ಸೆರಗಿನದು. ಅದನ್ನೇ ಉಟ್ಟು ಇಳಿದಿರಿ. ಮರುವರ್ಷ ದೆಹಲಿಯ ಅಂಗಡಿ ಬೀದಿಗಳಲ್ಲೆಲ್ಲ ಗಿಳಿಹಸಿರು.

"ನಮ್ಮ ಆಯಿ ಬಾವಿಕಟ್ಟೆ ಹತ್ರ ಸೆರಗು ಸಿಕ್ಕಿಸಿ ನಿಲ್ತಿದ್ಳಲ್ಲ, ಹಾಗೇ ನಿಂತೆ ಮಾರಾಯ್ತಿ, ಅಷ್ಟೇ," ಎಂದು ನಗುತ್ತಿದ್ದಿರಿ. "ಆಯಿ ಮಾಡಿದ್ರೆ ಕೆಲಸ, ನಾನು ಮಾಡಿದ್ರೆ ಫ್ಯಾಷನ್."

ಆಗ ನಾನು ಕುಂದಾಪುರದ ಕಡೆಯಿಂದ ದೆಹಲಿಗೆ ಬಂದು ನರ್ಸಿಂಗ್ ಕಲಿಯುತ್ತಿದ್ದ ಹುಡುಗಿ. ಒಂದು ಭಾನುವಾರ ಸೆರಗನ್ನು ನಿಮ್ಮ ಹಾಗೆ ಸಿಕ್ಕಿಸಿಕೊಂಡು ಹಾಸ್ಟೆಲಿನ ಮೆಟ್ಟಿಲು ಇಳಿದೆ. ಕೆಳಗೆ ಮೇಟ್ರನ್ ನಿಂತಿದ್ದರು. "ಗಿರಿಜಾ, ವಾರ್ಡಿಗೆ ಹೊರಟಿದ್ದೀಯೋ ಶೂಟಿಂಗಿಗೋ?" ಎಂದರು. ಮತ್ತೆಂದೂ ಹಾಗೆ ಉಡಲಿಲ್ಲ. ಆದರೆ ಮೈಗೆ ಆ ಸೆರಗಿನ ದಾರಿ ಗೊತ್ತಾಗಿತ್ತು — ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ಬರುತ್ತದೆ.

ನಿವೃತ್ತಿಯಾದ ಮರುವರ್ಷ ನಿಮ್ಮ ತಂಗಿಯ ಮಗ ನಿಖಿಲ್ ನನ್ನನ್ನು ಹುಡುಕಿಕೊಂಡು ಬಂದ. ಮುಂಬಯಿ ಬಿಟ್ಟು ನೀವು ಗುರುಗ್ರಾಮದ ಈ ಹದಿನಾಲ್ಕನೆಯ ಮಹಡಿಗೆ ಬಂದಿದ್ದಿರಿ. ಕನ್ನಡ ಬರುವ, ರಕ್ತದೊತ್ತಡ ನೋಡಲು ಬರುವ, ಜೊತೆಗಿರುವ ಒಬ್ಬರು ಬೇಕಿತ್ತು. ನಾನೂ ಒಂಟಿ. ಒಂದು ಸೂಟ್‌ಕೇಸು, ಒಂದು ಅಲಾರಾಂ ಗಡಿಯಾರ ಹಿಡಿದು ಬಂದೆ. ಬಂದ ಮೂರನೆಯ ದಿನ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದೆ. ಆರಕ್ಕೆ ಬಿಸಿನೀರು. ಎಂಟಕ್ಕೆ ತಿಂಡಿ. ಹತ್ತಕ್ಕೆ ಪತ್ರಿಕೆ. ನಾಲ್ಕಕ್ಕೆ ಚಹಾ. ನೀವು ಅದನ್ನು ಓದಿ ಕನ್ನಡಕ ಇಳಿಸಿ ನನ್ನನ್ನು ನೋಡಿದಿರಿ. "ನಗೋದಕ್ಕೆ ಎಷ್ಟು ಗಂಟೆಗೆ ಸಿಸ್ಟರ್?"

ಸಂಜೆ ಆರರ ಜಾಗವನ್ನು ನೀವೇ ತುಂಬಿಸಿದಿರಿ. ಪೆನ್ನು ತೆಗೆದುಕೊಂಡು ಬರೆದಿರಿ: ಆರಕ್ಕೆ, ಸೀರೆ.

ಹೌದು, ಆರಕ್ಕೆ ಸೀರೆ. ಕಪಾಟಿನ ಬಾಗಿಲು ತೆಗೆಯುವುದು. ಒಂದನ್ನು ಆರಿಸುವುದು. ಉಡುವುದು. ಕನ್ನಡಕ ಹಾಕಿ ಬಾಲ್ಕನಿಯಲ್ಲಿ ಕೂರುವುದು. ಏಳಕ್ಕೆ ತೆಗೆದಿಡುವುದು. ಯಾರೂ ಬರುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಕೆಳಗೆ ಕಾರುಗಳ ಸಾಲು, ಎದುರಿಗೆ ಇನ್ನೊಂದು ಕಟ್ಟಡ. ನನಗೂ ಅದು ಇಷ್ಟವಾಯಿತು. ಮೂರು ತಿಂಗಳಿಗೊಮ್ಮೆ ಎಲ್ಲ ಸೀರೆಗಳ ಮಡಿಕೆ ಬದಲಿಸುತ್ತಿದ್ದೆವು — ಒಂದೇ ಗೆರೆಯಲ್ಲಿ ಮಡಿಸಿಟ್ಟರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಒಂದು ತುದಿ ನೀವು, ಒಂದು ತುದಿ ನಾನು. ಎಳೆಯುವುದು, ಜಾಡಿಸುವುದು, ಹತ್ತಿರ ಬರುವುದು, ತುದಿ ಕೊಡುವುದು. ಹಸಿರು ಇಳಕಲ್ ಮಾತ್ರ ಯಾವಾಗಲೂ ಕೊನೆಯಲ್ಲಿ.

ಆಮೇಲೆ ಮರೆವು ಬಂತು. ಮೊದಲು ಕನ್ನಡಕ, ಆಮೇಲೆ ಹೆಸರುಗಳು, ಆಮೇಲೆ ವರ್ಷಗಳು.

ಇಲ್ಲಿ ನಾನು ತಜ್ಞೆ ಎಂದುಕೊಂಡೆ. ಅಹಂಕಾರವಿತ್ತು, ಒಪ್ಪಿಕೊಳ್ಳುತ್ತೇನೆ. ಇಂಥ ರೋಗಿಗಳನ್ನು ವಾರ್ಡಿನಲ್ಲಿ ನೋಡಿದ್ದೆ. ಕಿರಿಯ ನರ್ಸುಗಳಿಗೆ ನಾನೇ ಪಾಠ ಹೇಳುತ್ತಿದ್ದೆ: ಮನಸ್ಸು ಮರೆತದ್ದನ್ನು ಮೈ ಮರೆಯುವುದಿಲ್ಲ, ಪ್ರತಿಯೊಂದನ್ನೂ ಒಂದು ಗಂಟೆಗೆ ಕಟ್ಟಿಹಾಕಿ, ಗಂಟೆ ಅವರನ್ನು ನಡೆಸುತ್ತದೆ. ನಿಮ್ಮ ದಿನವನ್ನು ನಾನು ಹಾಗೆ ಕಟ್ಟಿದೆ. ಒಂದು ನಿಮಿಷ ಹಿಂದೆ ಮುಂದೆ ಆಗಗೊಡಲಿಲ್ಲ. ಅದು ಫಲಿಸಿತು ಕೂಡ. ಹೆಸರು ಕೇಳಿದರೆ ತಡವರಿಸುತ್ತಿದ್ದ ನೀವು ಎಂಟು ಗಂಟೆಗೆ ನೀವಾಗಿಯೇ ಊಟದ ಮೇಜಿಗೆ ಬರುತ್ತಿದ್ದಿರಿ. ಡಾಕ್ಟರು ನನ್ನನ್ನು ಹೊಗಳಿದರು. ಮನೆಗೆ ಬಂದು ಆ ಹೊಗಳಿಕೆಯನ್ನು ನಿಮಗೇ ಹೇಳಿದ್ದೆ, ನಾಚಿಕೆಯಿಲ್ಲದೆ.

ಆದರೆ ಆರರ ಸೀರೆ — ಅದು ನನ್ನ ಕೈಮೀರಿತು. ನೀವು ಐದು ಸೀರೆ ತೆಗೆಸುತ್ತಿದ್ದಿರಿ, ಐದನ್ನೂ ಬೇಡ ಎನ್ನುತ್ತಿದ್ದಿರಿ. ಉಟ್ಟದ್ದನ್ನು ಮರೆತು ಮತ್ತೊಂದು ಕೇಳುತ್ತಿದ್ದಿರಿ. ಏಳರ ಮಾತ್ರೆ ಏಳೂವರೆಯಾಗುತ್ತಿತ್ತು. ಊಟ ತಡವಾಗುತ್ತಿತ್ತು. ಒಂದು ದಿನ ನೆರಿಗೆ ಕಾಲಿಗೆ ಸಿಕ್ಕಿ ಬಿದ್ದಿರಿ, ಮಣಿಕಟ್ಟು ಉಳುಕಿತು. ನನಗೆ ಭಯವಾಯಿತು ಎಂದು ಎಲ್ಲರಿಗೂ ಹೇಳಿದೆ. ಭಯವಾದದ್ದು ನಿಜ. ಆದರೆ ಭಯಕ್ಕಿಂತ ಮುಂಚೆ ಬಂದದ್ದು ಸಿಟ್ಟು. ನನ್ನ ಪಟ್ಟಿಯಲ್ಲಿ ಆ ಒಂದು ಗಂಟೆ ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಆ ಗಂಟೆ ಇಲ್ಲವಾಗಲಿ ಎಂದು — ಹೌದು, ಅದನ್ನೇ ಬಯಸಿದೆ. ಉಳಿದ ಕಾರಣಗಳನ್ನೆಲ್ಲ ಆಮೇಲೆ ಜೋಡಿಸಿಕೊಂಡದ್ದು.

ಆ ಹೊತ್ತಿಗೇ ನಿಖಿಲ್ ಬಂದ. ಹಳೆಯ ಚಿತ್ರಗಳ ವಸ್ತುಗಳನ್ನು ಹರಾಜು ಹಾಕುವ ಒಂದು ಸಂಸ್ಥೆ ಅವನನ್ನು ಸಂಪರ್ಕಿಸಿತ್ತು. ಸೀರೆಗಳು, ಕನ್ನಡಕಗಳು, ಮೇಕಪ್ ಪೆಟ್ಟಿಗೆ, ಕೈಗನ್ನಡಿ, ಎಲ್ಲ.

"ಆಂಟಿ, ಇಲ್ಲಿ ಕಪಾಟಲ್ಲಿ ಎಲ್ಲಾ ಹಾಳಾಗ್ತಾ ಇದೆ ನಾ," ಎಂದ. ಅವನ ಕನ್ನಡ ಹಾಗೆಯೇ, ದೆಹಲಿಯಲ್ಲಿ ಬೆಳೆದ ಹುಡುಗರದು; ನೀವು ಅವನಿಗೆ ದೊಡ್ಡಮ್ಮ ಅಲ್ಲ, ಮಾಸಿ. "ಯಾರಾದರೂ ಕಲೆಕ್ಟರ್ ತಗೊಂಡ್ರೆ ಗ್ಲಾಸ್ ಕೇಸಲ್ಲಿ ಇಡ್ತಾರೆ, ಸೌ ಸಾಲ್, ನೂರು ವರ್ಷ ಇರುತ್ತೆ. ದುಡ್ಡು ಮಾಸಿ ಹೆಸರಲ್ಲೇ ಇರುತ್ತೆ. ಲೇಕಿನ್ ಮಾಸಿ ಬೇಡ ಅಂದ್ರೆ ಬೇಡ. ಬಸ್. ನಾನು ಕೇಳಿದ್ರೆ ನನ್ನ ಮುಖ ನೋಡಿ ಹ್ಞೂಂ ಅಂದುಬಿಡ್ತಾರೆ. ನೀವು ಕೇಳಿ, ಒಳ್ಳೆ ಟೈಮ್ ನೋಡಿ."

ಅವನನ್ನು ದೂರಬೇಡಿ ಅಕ್ಕ. ಅವನು ಕೇಳಬೇಕಾದದ್ದನ್ನೇ ಕೇಳಿದ.

ಒಳ್ಳೆಯ ಸಮಯ ಯಾವುದು ಎಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹತ್ತರಿಂದ ಹನ್ನೊಂದು. ಸ್ನಾನ, ತಿಂಡಿ, ಮಾತ್ರೆ ಎಲ್ಲ ಮುಗಿದು ಬಿಸಿಲು ಸೋಫಾದ ಮೇಲೆ ಬರುವ ಹೊತ್ತು. ಆಗ ನೀವು ನೀವಾಗಿರುತ್ತಿದ್ದಿರಿ. ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಎದುರು ಕುರ್ಚಿ ಎಳೆದು ಕೂತು ನೆಟ್ಟಗೆ ಕೇಳಿದೆ. ನೀವು ಕೇಳಿಸಿಕೊಂಡಿರಿ. ಪತ್ರಿಕೆ ಮಡಿಸಿದಿರಿ. ಮಡಿಕೆಯ ಮೇಲೆ ಬೆರಳು ಎಳೆದಿರಿ.

"ಹರಾಜು ಅಂದ್ರೆ ಸತ್ತವರದ್ದು ಅಲ್ವಾ ಮಾಡೋದು?" ಎಂದಿರಿ. "ನಾನು ಇನ್ನೂ ಇದ್ದೀನಲ್ಲ ಗಿರಿಜಾ."

ಅಷ್ಟೇ. ಬೇಡ ಎನ್ನಲು ಅದಕ್ಕಿಂತ ಸ್ಪಷ್ಟವಾದ ಮಾತು ಬೇಕೇ? ಹೆಸರು ಹಿಡಿದು ಕರೆದಿರಿ, ಬುದ್ಧಿ ನೆಟ್ಟಗಿತ್ತು, ಇಬ್ಬರಿಗೂ ಅರ್ಥವಾಗಿತ್ತು. ಊಟದ ಹೊತ್ತಿಗೆ ನೀವು ಅದನ್ನು ಮರೆತಿರಿ. ನಾನು ಮರೆಯಲಿಲ್ಲ. ಆದರೆ ಸಂಜೆ ನಿಖಿಲ್ ಫೋನ್ ಮಾಡಿದಾಗ — "ಕೇಳಿದೆ, ಒಪ್ಪಿದ್ದಾರೆ" ಎಂದೆ.

ಯಾಕೆ ಅಂದೆ? ಆ ದಿನವೂ ಏಳರ ಮಾತ್ರೆ ಎಂಟಕ್ಕೆ ಆಗಿತ್ತು. ನಿಜ ಹೇಳಬೇಕೆಂದರೆ ಅಷ್ಟೇ. ಮನಸ್ಸಿನಲ್ಲಿ ಒಂದು ಮಾತು ಓಡುತ್ತಿತ್ತು: ಹೇಗೂ ನೆನಪಿರುವುದಿಲ್ಲ. ಹೇಗೂ ನೆನಪಿರುವುದಿಲ್ಲ. ಅದು ಕರುಣೆಯ ಮಾತು ಎಂದುಕೊಂಡಿದ್ದೆ.

ಮರುದಿನ ಕಾಗದ ಬಂತು. ಸಹಿಗೆ ನಾನು ಹತ್ತು ಗಂಟೆಯನ್ನು ಆರಿಸಲಿಲ್ಲ ಅಕ್ಕ. ನಾಲ್ಕು ಗಂಟೆಯನ್ನು ಆರಿಸಿದೆ. ನಾಲ್ಕಕ್ಕೆ ನೀವು ಮುಂಬಯಿಯಲ್ಲಿರುತ್ತಿದ್ದಿರಿ, ಶೂಟಿಂಗಿನ ಬಿಡುವಿನಲ್ಲಿ. ಹೊರಗೆ ಜನ ಕಾಯುತ್ತಿರುತ್ತಿದ್ದರು. ಆ ಜನರನ್ನು ಕಾಯಿಸಬಾರದು ಎಂಬುದು ಒಂದೇ ನಿಮಗಿದ್ದ ಚಿಂತೆ. ಇದೆಲ್ಲ ಗೊತ್ತಿದ್ದೇ ಚಹಾದ ಲೋಟ ಪಕ್ಕಕ್ಕೆ ಸರಿಸಿ ಕಾಗದ ಇಟ್ಟೆ. ಮೇಲಿನ ಬರಹದ ಮೇಲೆ ನನ್ನ ಅಂಗೈ ಇಟ್ಟುಕೊಂಡೆ.

"ಅಕ್ಕ, ಒಬ್ಬ ಅಭಿಮಾನಿ ಬಂದಿದ್ದಾರೆ. ಆಟೋಗ್ರಾಫ್ ಬೇಕಂತೆ."

ನಿಮ್ಮ ಮುಖ ಹೇಗೆ ಅರಳಿತೆಂದರೆ — ಬೇಡ, ಅದನ್ನು ಬರೆಯಲಾರೆ. ಬೆನ್ನು ನೆಟ್ಟಗೆ ಮಾಡಿದಿರಿ. ಕೂದಲು ಸರಿಮಾಡಿಕೊಂಡಿರಿ. ಪೆನ್ನು ತೆಗೆದುಕೊಂಡು, ಯಾವಾಗಲೂ ಕೇಳುವ ಹಾಗೆ ಕೇಳಿದಿರಿ. "ಯಾರ ಹೆಸರಿಗೆ?"

"ಹೆಸರು ಬೇಡ ಅಕ್ಕ. ಸಹಿ ಸಾಕು."

"ಹೆಸರಿಲ್ಲದ ಅಭಿಮಾನಿ ಇರ್ತಾನಾ?" ನಕ್ಕಿರಿ. "ಪಾಪ, ನಾಚಿಕೆ ಇರಬೇಕು."

ಸಹಿ ಮಾಡಿದಿರಿ. ಕೊನೆಯ ಅಕ್ಷರದಿಂದ ಒಂದು ಅಲೆ ಎಳೆದು ಹಿಂದಕ್ಕೆ ತರುವ ಆ ಸಹಿ. ಕಾಗದ ನನ್ನ ಕಡೆ ತಿರುಗಿಸಿ, ನಾನೇ ಆ ಅಭಿಮಾನಿ ಎಂಬ ಹಾಗೆ ಎರಡೂ ಕೈಯಿಂದ ಕೊಟ್ಟಿರಿ.

ನಿಖಿಲ್ ಬಂದು ಕಾಗದ ಒಯ್ಯುವ ಮುಂಚೆ ಒಮ್ಮೆ ಕೇಳಿದ. "ಮಾಸಿ ಅರ್ಥ ಮಾಡಿಕೊಂಡೇ ಸೈನ್ ಮಾಡಿದ್ರು ಅಲ್ವಾ ಆಂಟಿ?" ಹೌದು ಎಂದೆ. ಅವನಿಗೆ ನನ್ನ ಹೌದು ಸಾಕಾಯಿತು. ಹದಿಮೂರು ವರ್ಷ ನಾನು ಅವನಿಗೆ ಒಂದು ಮಾತ್ರೆಯ ವಿಷಯದಲ್ಲೂ ಸುಳ್ಳು ಹೇಳಿರಲಿಲ್ಲ.

ನೀವು ಮಧ್ಯಾಹ್ನ ಮಲಗಿದ್ದಾಗ ಅವರು ಬಂದರು. ಹರಾಜು ಸಂಸ್ಥೆಯ ತಾನ್ಯಾ ಎಂಬ ಹುಡುಗಿ ಬಿಳಿಯ ಕೈಗವಸು ತೊಟ್ಟು ಒಂದೊಂದಾಗಿ ಸೀರೆ ಎತ್ತಿ ತೆಳುಕಾಗದದಲ್ಲಿ ಸುತ್ತಿದಳು. ಬಹಳ ಅಚ್ಚುಕಟ್ಟಾದ ಹುಡುಗಿ. ನನಗೆ ಮೆಚ್ಚುಗೆಯಾಯಿತು. ಬಿಮಲಾ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತಾ ನಿಂತಿದ್ದಳು. "ದೀದಿ, ಮೇಡಂಗೆ ಗೊತ್ತಾ?" ಎಂದು ಹಿಂದಿಯಲ್ಲಿ ಕೇಳಿದಳು. ಹಾಲು ಉಕ್ಕುತ್ತಿದೆ ನೋಡು ಎಂದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಅವಳು ಒಳಗೆ ಹೋದಳು.

ಹರಾಜಿನ ದಿನ ದೆಹಲಿಯ ದೊಡ್ಡ ಹೋಟೆಲಿನ ಹಾಲ್‌ಗೆ ನಾನೂ ಹೋದೆ. ಯಾಕೆ ಹೋದೆನೋ. ಮುಂಚೆ ಒಂದು ಗಂಟೆ ವಸ್ತುಗಳನ್ನು ನೋಡಲು ಬಿಟ್ಟಿದ್ದರು. ನಿಮ್ಮ ಕನ್ನಡಕಗಳು ಗಾಜಿನ ಕೆಳಗೆ ಸಾಲಾಗಿ, ಒಂದೊಂದಕ್ಕೂ ಒಂದು ಸಂಖ್ಯೆ. ಹಸಿರು ಇಳಕಲ್ಲಿಗೆ ಹದಿನೇಳು. ಅದನ್ನು ತಲೆಯಿಲ್ಲದ ಬೊಂಬೆಗೆ ಉಡಿಸಿದ್ದರು, ತಪ್ಪಾಗಿ. ಸೆರಗನ್ನು ಮುಂದೆ ಹರವಿ ಪಿನ್ನು ಹಾಕಿದ್ದರು, ಮದುವೆಮನೆಯ ಹೆಂಗಸರ ಹಾಗೆ.

ನೋಡಿ ಸುಮ್ಮನಿರಲಾಗಲಿಲ್ಲ. ಹಗ್ಗ ದಾಟಿ ಹೋಗಿ ಪಿನ್ನು ಬಿಚ್ಚಿದೆ. ಬೆನ್ನಿನಿಂದ ಸುತ್ತಿ ತಂದು ಎಡ ಸೊಂಟದಲ್ಲಿ ಸಿಕ್ಕಿಸಿದೆ. ನೆರಿಗೆ ತಟ್ಟಿದೆ. ತಾನ್ಯಾ ಓಡಿ ಬಂದವಳು ನಿಂತುಬಿಟ್ಟಳು. "ವಾವ್ ಮ್ಯಾಮ್! ಅಬ್ ಲಗ್ ರಹೀ ಹೈ ತರಂಗಿಣಿ!" ಎಂದಳು, ಈಗ ತರಂಗಿಣಿಯ ಹಾಗೆ ಕಾಣುತ್ತಿದೆ ಎಂದು. ಸುತ್ತ ನಿಂತಿದ್ದವರು ಫೋನುಗಳಲ್ಲಿ ಚಿತ್ರ ತೆಗೆದರು. ಯಾರೋ ಚಪ್ಪಾಳೆ ತಟ್ಟಿದರು. ಮೇಟ್ರನ್ ಹೆದರಿಸಿದ ಆ ಹುಡುಗಿಗೆ ಅಷ್ಟು ವರ್ಷಗಳ ಮೇಲೆ ಸಿಕ್ಕ ಚಪ್ಪಾಳೆ. ಖುಷಿಯಾಯಿತು ಅಕ್ಕ. ಅದನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಮೈಮೇಲಿನದನ್ನು ಕಿತ್ತು ತಂದು, ಮಾರಾಟಕ್ಕೆ ಚೆಂದ ಕಾಣಲಿ ಎಂದು ನಾನೇ ಸಿಂಗರಿಸಿ, ಅದಕ್ಕೂ ಖುಷಿಪಟ್ಟೆ.

ಸುತ್ತಿಗೆ ಬಡಿದದ್ದು ಕೇಳಿದೆ. ಯಾರೋ ಫೋನಿನಲ್ಲಿ ಬೆಲೆ ಕೂಗಿದವರು ಕೊಂಡರು. ಹೆಸರು ಹೇಳಲಿಲ್ಲ.

ಸಂಜೆ ಕ್ಯಾಬ್ ಹಿಡಿದು ಆರಕ್ಕೆ ಐದು ನಿಮಿಷ ಇರುವಾಗ ಮನೆ ತಲುಪಿದೆ. ಆರು ಹೊಡೆಯಿತು. ನೀವು ಕೋಣೆಯಿಂದ ಎದ್ದು ಬಂದು ಕಪಾಟಿನ ಬಾಗಿಲು ತೆಗೆದಿರಿ, ಸೀರೆಗಳು ಹೋದಂದಿನಿಂದ ದಿನಾ ತೆಗೆದ ಹಾಗೆ; ಎರಡು ದಿನದಲ್ಲಿ ಮರೆಯುತ್ತೀರಿ ಎಂದುಕೊಂಡಿದ್ದೆ.

ಆಗ ಹೊಳೆಯಿತು ನನಗೆ. ಆಗ, ಅಷ್ಟು ತಡವಾಗಿ. ಮನಸ್ಸು ಮರೆತದ್ದನ್ನು ಮೈ ಮರೆಯುವುದಿಲ್ಲ — ಊರಿಗೆಲ್ಲ ಪಾಠ ಹೇಳಿದವಳು ನಾನು. ಆ ಆರು ಗಂಟೆಯನ್ನು ನಿಮ್ಮ ಮೈಗೆ ಮೊಳೆ ಹೊಡೆದು ಕೂರಿಸಿದವಳೂ ನಾನೇ. ದಿನಾ, ಒಂದು ನಿಮಿಷ ತಪ್ಪದೆ, ವರ್ಷಗಟ್ಟಲೆ. ಉಳಿದದ್ದೆಲ್ಲ ಹೋದರೂ ಅದು ಹೋಗದ ಹಾಗೆ.

ನೀವು ಖಾಲಿ ಹಲಗೆಗಳ ಮೇಲೆ ಕೈಯಾಡಿಸಿದಿರಿ. ಮೇಲಿನದು, ನಡುವಿನದು, ಕೆಳಗಿನದು. ತಿರುಗಿ ನನ್ನನ್ನು ನೋಡಿದಿರಿ.

"ಸೀರೆ ಎಲ್ಲಿ?"

"ಡ್ರೈಕ್ಲೀನಿಂಗ್‌ಗೆ ಕೊಟ್ಟಿದೆ ಅಕ್ಕ."

"ಎಲ್ಲಾನೂ?"

"ಎಲ್ಲಾನೂ."

"ಆ ಇಸ್ತ್ರಿ ಭಯ್ಯಾಗೆ ಹೇಳು, ಹಸಿರಿನ ಅಂಚು ಸುಡಬೇಡ ಅಂತ. ಹೋದ ಸಲ ಸುಟ್ಟಿದ್ದಾನೆ."

ಇಂದಿನವರೆಗೂ ಪ್ರತಿ ಸಂಜೆ. ಅದೇ ಬಾಗಿಲು, ಅದೇ ಹಲಗೆ, ಅದೇ ಪ್ರಶ್ನೆ, ಅದೇ ಭಯ್ಯಾ. ನೀವು ನಿಖಿಲನನ್ನು ಮರೆತಿರಿ. ಕುಮಟೆ ಮರೆತಿರಿ. ಹೋದ ಮಳೆಗಾಲದಿಂದ ನನ್ನ ಹೆಸರನ್ನೂ. ಹತ್ತು ಗಂಟೆಗೆ ಅಪರೂಪಕ್ಕೊಮ್ಮೆ ನೆನಪು ಬರುತ್ತದೆ, ಹೋಗುತ್ತದೆ. ಆರು ಗಂಟೆ ಮಾತ್ರ ಹೋಗಲಿಲ್ಲ. ಕೀಲಿ ಹಾಕಿ ನೋಡಿದೆ, ಬಾಗಿಲು ಬಡಿದಿರಿ. ಕಪಾಟನ್ನೇ ಬೇರೆ ಕೋಣೆಗೆ ಹಾಕಿಸಿದೆ. ಕಪಾಟಿದ್ದ ಗೋಡೆಯ ಮುಂದೆ ನಿಂತು ಬಾಗಿಲು ಹುಡುಕಿದಿರಿ. ಮತ್ತೆ ಅಲ್ಲಿಗೇ ತರಿಸಿದೆ. ಪರಿಚಯದವರಿಂದ ಹುಬ್ಬಳ್ಳಿಯಿಂದ ಅಂಥದೇ ಗಿಳಿಹಸಿರು ಇಳಕಲ್ ತರಿಸಿ ಕೆಳಗಿನ ಹಲಗೆಯಲ್ಲಿಟ್ಟೆ. ಅವತ್ತು ಬಾಗಿಲು ತೆಗೆದವರು ಅದನ್ನು ಎತ್ತಿಕೊಂಡಿರಿ. ಬೆರಳ ನಡುವೆ ಸೆರಗಿನ ತುದಿ ಉಜ್ಜಿ ನೋಡಿದಿರಿ. ಮಡಿಕೆ ಕೆಡದ ಹಾಗೆ ನನ್ನ ಕೈಗೆ ಕೊಟ್ಟಿರಿ.

"ಇದು ಯಾರದೋ ಬಂದುಬಿಟ್ಟಿದೆ. ವಾಪಸ್ ಕೊಡು. ಅವರು ಹುಡುಕ್ತಾ ಇರ್ತಾರೆ, ಪಾಪ."

ಅವರು ಹುಡುಕುತ್ತಾ ಇರುತ್ತಾರೆ.

ನಿಮಗೆ ಹೇಳಲಿಲ್ಲವೇ ಎಂದು ಇದನ್ನು ಓದುವ ಯಾರಾದರೂ ಕೇಳಬಹುದು. ಹೇಳಿದೆ. ಮೂರು ಸಲ ಹೇಳಿದೆ. ಆ ಮೂರು ಸಲದ ಕಥೆ ಮೊದಲಿನ ತಪ್ಪಿಗಿಂತ ಕೀಳು.

ಮೊದಲ ಸಲ, ಒಂದು ಬೆಳಿಗ್ಗೆ ಹತ್ತಕ್ಕೆ. ಎಲ್ಲವನ್ನೂ ಹೇಳಿದೆ. ನಿಮಗೆ ಪೂರ್ತಿ ಅರ್ಥವಾಯಿತು. ಬೈಯಲಿಲ್ಲ. "ನಾನು ಇದ್ದೀನಲ್ಲ," ಎಂದಿರಿ, ಮತ್ತೆ ಅದೇ ಮಾತು, ಮೊದಲ ಸಲ ಹೇಳುತ್ತಿರುವ ಹಾಗೆ. ಒಂದು ಗಂಟೆ ಶಬ್ದವಿಲ್ಲದೆ ಅತ್ತಿರಿ. ಊಟಕ್ಕೆ ಬಂದಾಗ ಕಣ್ಣು ಊದಿತ್ತು. ಯಾಕೆ ಊದಿದೆ ಎಂದು ನನ್ನನ್ನೇ ಕೇಳಿದಿರಿ. ಸಂಜೆ ಆರಕ್ಕೆ ಬಾಗಿಲು ತೆಗೆದಿರಿ.

ಎರಡನೆಯ ಸಲ ನೀವು ನನ್ನನ್ನು ಕಳ್ಳಿ ಎಂದಿರಿ. ಲೋಟ ಎಸೆದಿರಿ. ಸರಿಯಾದ ಮಾತು. ಅದೂ ಊಟದ ಹೊತ್ತಿಗೆ ಅಳಿಸಿಹೋಯಿತು.

ಮೂರನೆಯ ಸಲ ಹೇಳುವಾಗ ನನಗೇ ಅಳು ಬಂತು. ನೀವು ಗಾಬರಿಯಾಗಿ ನನ್ನ ತಲೆ ಹತ್ತಿರ ಎಳೆದುಕೊಂಡಿರಿ. "ಅಳಬೇಡ ಮಾರಾಯ್ತಿ. ಸೀರೆ ತಾನೇ? ಹೋದ್ರೆ ಹೋಗ್ಲಿ." ನನ್ನ ಬೆನ್ನು ಸವರಿದಿರಿ. ಆ ದಿನ ಮೈ ಹಗುರಾಯಿತು. ಹೊಟ್ಟೆ ತುಂಬ ಉಂಡೆ. ಬಿಮಲಾಳ ಹತ್ತಿರ ತಮಾಷೆ ಮಾತಾಡಿದೆ.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ನಾನು ಮಾಡಿದ್ದು ಏನು ಎಂದು ಆಗ ಗೊತ್ತಾಯಿತು. ನನಗೆ ಬೇಕಾದ ಉತ್ತರ ಬರುವವರೆಗೆ ಕೇಳುತ್ತಾ ಹೋಗಿದ್ದೆ. ಮೊದಲೆರಡು ಸಲ ಬಂದ ಉತ್ತರ ಹಿಡಿಸಲಿಲ್ಲ. ಹೇಗೂ ನೆನಪಿರುವುದಿಲ್ಲ ಎಂದು ಮತ್ತೆ ಕೇಳಿದೆ. ಸಹಿಯನ್ನು ಹೇಗೆ ತೆಗೆದುಕೊಂಡೆನೋ ಕ್ಷಮೆಯನ್ನೂ ಹಾಗೆಯೇ ತೆಗೆದುಕೊಂಡೆ. ಪ್ರತಿ ಸಲವೂ ನಿಮಗೆ ಹೊಸ ನೋವು. ನೋವು ಮಾತ್ರ ನಿಮ್ಮದು, ಹಗುರ ನನ್ನದು.

ಅಂದಿನಿಂದ ನಿಮಗೆ ಹೇಳುವುದನ್ನು ನಿಲ್ಲಿಸಿದೆ. ಹೇಳಿದರೆ ಗಾಯ, ಹೇಳದಿದ್ದರೆ ಭಯ್ಯಾನ ಸುಳ್ಳು. ನಡುವೆ ನಿಲ್ಲಲು ಜಾಗವೇ ಇಲ್ಲ. ಮೂವತ್ತೆಂಟು ವರ್ಷ ವಾರ್ಡಿನಲ್ಲಿ ಏನಾದರೂ ಮಾಡಬಹುದು ಎಂದೇ ಬದುಕಿದವಳಿಗೆ — ಬಟ್ಟೆ ಬದಲಿಸಬಹುದು, ದಿಂಬು ಸರಿಮಾಡಬಹುದು, ಡಾಕ್ಟರನ್ನು ಕರೆಯಬಹುದು — ಏನೂ ಮಾಡಲಾಗದೆ ನಿಲ್ಲುವುದು ಗೊತ್ತಿರಲಿಲ್ಲ. ಈಗ ಕಲಿಯುತ್ತಿದ್ದೇನೆ. ದಿನಾ ಆರಕ್ಕೆ.

ಹೋದ ವಾರ ನಿಖಿಲನಿಗೆ ಹೇಳಿದೆ. ಕರೆಸಿ, ಎದುರು ಕೂರಿಸಿ ಹೇಳಿದೆ. ಅವನು ಕಾರಿನ ಕೀಲಿಯನ್ನು ಮೇಜಿನ ಮೇಲೆ ತಿರುಗಿಸಿದ. "ನಾನು ಕೇಳಿದ್ದೆ ಆಂಟಿ," ಎಂದ. "ಎರಡು ಸಲ ಕೇಳಿದ್ದೆ ನಿಮ್ಮನ್ನ." ಹೌದು, ನೀನು ಕೇಳಿದ್ದೆ ಎಂದೆ. ಅಲ್ಲೇ ಕೂತು ಹರಾಜು ಸಂಸ್ಥೆಗೆ ಫೋನ್ ಮಾಡಿದ. ತಾನ್ಯಾ ಅಲ್ಲಿಲ್ಲ, ಬಿಟ್ಟು ಹೋಗಿದ್ದಾಳೆ. ಬೇರೆ ಯಾರೋ ವಿನಯವಾಗಿ ಹೇಳಿದರು: ಕೊಂಡವರು ಹೆಸರು ಹೊರಗೆ ಬರಬಾರದೆಂದು ಕೇಳಿದ್ದಾರೆ, ಪತ್ರ ಬರೆದುಕೊಟ್ಟರೆ ತಲುಪಿಸುತ್ತೇವೆ, ಉತ್ತರದ ಭರವಸೆ ಇಲ್ಲ. ಪತ್ರ ಬರೆದಿದ್ದೇವೆ. ನಿಜವನ್ನೇ ಬರೆದಿದ್ದೇವೆ. ಉತ್ತರ ಬಂದಿಲ್ಲ.

ಹೆಸರಿಲ್ಲದ ಅಭಿಮಾನಿ ಇರುತ್ತಾನೆ ಅಕ್ಕ. ಎಲ್ಲೋ ಒಂದು ಗಾಜಿನ ಪೆಟ್ಟಿಗೆಯಲ್ಲಿ ನಿಮ್ಮ ಆಯಿಯ ಸೀರೆ ಇಟ್ಟುಕೊಂಡಿದ್ದಾನೆ. ಮಡಿಕೆ ಬದಲಿಸುತ್ತಾನೋ ಇಲ್ಲವೋ.

ನನ್ನನ್ನು ಕಳಿಸಿಬಿಡು ಎಂದು ನಿಖಿಲನಿಗೆ ನಾನೇ ಹೇಳಿದೆ. ಅವನು ಬಾಗಿಲ ಹತ್ತಿರ ನಿಂತು ಹೇಳಿದ: "ಕಳಿಸಿ? ಫಿರ್ ಮಾಸಿಯನ್ನ ಯಾರು ನೋಡೋದು? ಅವರ ಟೈಮ್‌ಟೇಬಲ್ ನಿಮಗೊಬ್ಬರಿಗೇ ಗೊತ್ತಿರೋದು." ಅದು ಕ್ಷಮೆಯ ಮಾತಲ್ಲ. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡುವವನು ಅವತ್ತು ಮಾಡಲಿಲ್ಲ.

ಇಷ್ಟು ಬರೆಯುವಾಗ ನಾಲ್ಕಾಯಿತು. ಬಿಮಲಾ ಚಹಾ ತಂದಳು. ಅವಳ ಹಿಂದೆ ನೀವೂ ಗೋಡೆ ಹಿಡಿದು ಬಂದಿರಿ, ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಿರಿ. ಹಾಳೆಗಳನ್ನು ನೋಡಿದಿರಿ. ನನ್ನ ಕೈಯ ಪೆನ್ನು ನೋಡಿದಿರಿ. ಬೆನ್ನು ನೆಟ್ಟಗಾಯಿತು.

"ಎಷ್ಟು ಹೊತ್ತಿಂದ ಕಾಯ್ತಿದ್ದಾರೆ? ಕೊಡು ಇಲ್ಲಿ."

ಕೈ ಚಾಚಿದಿರಿ. ಈ ಹಾಳೆಗಳ ಕೊನೆಯದನ್ನು ನಿಮ್ಮ ಮುಂದೆ ಇಡಬಹುದಿತ್ತು. ಇದೆಲ್ಲದರ ಕೆಳಗೆ ಆ ಅಲೆಯ ಸಹಿ ಬೀಳುತ್ತಿತ್ತು. ಒಂದು ಕ್ಷಣ — ಸುಳ್ಳು ಹೇಳುವುದಿಲ್ಲ — ಒಂದು ಕ್ಷಣ ಕೈ ಆ ಕಡೆ ಹೋಯಿತು. ಆಮೇಲೆ ಎಲ್ಲ ಹಾಳೆಗಳನ್ನು ಮಗುಚಿ ನನ್ನ ತೊಡೆಯ ಮೇಲಿಟ್ಟುಕೊಂಡೆ. ಒಂದು ಖಾಲಿ ಹಾಳೆ ಕೊಟ್ಟೆ.

"ಯಾರ ಹೆಸರಿಗೆ?"

"ಗಿರಿಜಾ."

'ಪ್ರೀತಿಯ' ಎಂದು ಬರೆದಿರಿ. ನಿಲ್ಲಿಸಿದಿರಿ. "ಯಾರು ಅಂದೆ?"

"ಗಿರಿಜಾ, ಅಕ್ಕ."

ಪೆನ್ನಿನ ಮೊನೆ ಕಾಗದದ ಮೇಲೆ ಕಾಯಿತು. ನೀವು ಕಿಟಕಿಯ ಕಡೆ ನೋಡಿದಿರಿ. ಮತ್ತೆ ನನ್ನ ಕಡೆ. ನಾನು ಮೂರನೆಯ ಸಲ ಹೇಳುವುದರೊಳಗೆ ಕೈ ತಾನಾಗಿ ಕೆಳಗೆ ಇಳಿದು ಸಹಿ ಮಾಡಿತ್ತು. ಹಾಳೆಯನ್ನು ಎರಡೂ ಕೈಯಿಂದ ಕೊಟ್ಟಿರಿ. ಮೇಲೆ 'ಪ್ರೀತಿಯ', ಕೆಳಗೆ ತರಂಗಿಣಿ, ನಡುವೆ ಏನೂ ಇಲ್ಲ.

"ಸರಿಯಾಯ್ತಾ?" ಎಂದಿರಿ.

"ಸರಿಯಾಯ್ತು ಅಕ್ಕ."

ಆ ಜಾಗವನ್ನು ನಾನು ತುಂಬಿಸುವುದಿಲ್ಲ. ಅಲ್ಲಿ ನನ್ನ ಹೆಸರು ಬರೆದುಕೊಳ್ಳುವ ಹಕ್ಕು ನನಗಿಲ್ಲ.

ನೀವು ಒಳಗೆ ಹೋಗಿ ಮಲಗಿದಿರಿ. ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಬಂದು ಬಾಗಿಲು ತೆಗೆಯುತ್ತೀರಿ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಇವತ್ತು ಡ್ರೈಕ್ಲೀನಿಂಗ್‌ನ ಹೆಸರು ಹೇಳುವುದಿಲ್ಲ ಎಂದು ನಿಶ್ಚಯಿಸಿದ್ದೇನೆ. ಅದರ ಬದಲು ಏನು ಹೇಳಬೇಕೋ ಗೊತ್ತಿಲ್ಲ. ಗಡಿಯಾರ ನೋಡಿದೆ. ಐದೂಮುಕ್ಕಾಲು.